ಅಟ್ಯಾಚ್‌ಮೆಂಟ್ ತೆರೆದಾಯಿತು, ಮುಂದೇನು?

ಶಿವಾಜಿನಗರ ಬಸ್ ನಿಲ್ದಾಣದಿಂದ ಹೊರಬಿದ್ದು ಯಾವ ದಿಕ್ಕಿಗೆ ನಡೆದರೂ ಒಂದು ಜೆರಾಕ್ಸ್ ಅಂಗಡಿ ಸಿಗುತ್ತದೆ. ಬೌರಿಂಗ್ ಆಸ್ಪತ್ರೆಗೆ ಬಂದವರಿಗೆ ಆಧಾರ್ ಕಾರ್ಡಿನ, ಪಡಿತರ ಚೀಟಿಯ ಪ್ರತಿ ಬೇಕು. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಗೆ ಹೊರಟವರಿಗೆ ದೂರಿನ ಅರ್ಜಿ ಟೈಪ್ ಆಗಬೇಕು. ಗಲ್ಫ್ ಕೆಲಸಕ್ಕೆ ಕಾಯುತ್ತಿರುವ ಹುಡುಗನಿಗೆ ರೆಸ್ಯೂಮ್, ರಸೆಲ್ ಮಾರುಕಟ್ಟೆಯ ವ್ಯಾಪಾರಿಗೆ ಜಿಎಸ್‌ಟಿ ಕಾಗದ, ಮದುವೆ ಮನೆಯವರಿಗೆ ಆಮಂತ್ರಣ ಪತ್ರಿಕೆ. ಎಲ್ಲರಿಗೂ ಕೌಂಟರಿನ ಹಿಂದಿನಿಂದ ಬರುವ ಉತ್ತರ ಒಂದೇ: ‘ಮೇಲ್ ಮಾಡಿ ಸಾರ್, ಇಲ್ಲಾಂದ್ರೆ ವಾಟ್ಸ್‌ಆ್ಯಪ್ ಮಾಡಿ.’ ಹೀಗೆ ಬಂದ ಫೈಲನ್ನು ಆ ಹುಡುಗಿಯೋ ಹುಡುಗನೋ ತೆರೆದು, ಪ್ರಿಂಟ್ ತೆಗೆದು, ಮುಂದಿನವರ ಕಡೆ ತಿರುಗುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಗುರುತಿಲ್ಲದವರು ಕಳಿಸಿದ ಫೈಲುಗಳನ್ನು ತೆರೆಯುವುದೇ ಅವರ ಕೆಲಸ.

ಸೈಬರ್ ಸುರಕ್ಷತೆಯ ಬಗ್ಗೆ ನಮ್ಮಲ್ಲಿ ಹಂಚುವ ಕರಪತ್ರಗಳೆಲ್ಲ ‘ಅಪರಿಚಿತರಿಂದ ಬಂದ ಅಟ್ಯಾಚ್‌ಮೆಂಟ್ ತೆರೆಯಬೇಡಿ’ ಎಂಬಲ್ಲಿಂದ ಶುರುವಾಗುತ್ತವೆ. ಹೆಚ್ಚಿನವು ಅಲ್ಲಿಯೇ ಮುಗಿಯುತ್ತವೆ ಕೂಡ. ಈ ಅಂಗಡಿಗಳಿಗೆ ಆ ಮಾತಿನಿಂದ ಪ್ರಯೋಜನವಿಲ್ಲ. ನೂರಾರು ರೆಸ್ಯೂಮ್ ಬರುವ ನೇಮಕಾತಿ ಏಜೆನ್ಸಿಗೂ ಇಲ್ಲ, ದಿನಕ್ಕೆ ಹತ್ತು ಇನ್‌ವಾಯ್ಸ್ ಬರುವ ಲೆಕ್ಕಪತ್ರದ ಗುಮಾಸ್ತರಿಗೂ ಇಲ್ಲ. ಸಾವಿರ ಫೈಲು ತೆರೆಯುವವರ ಕೈಗೆ ಒಂದಲ್ಲ ಒಂದು ದಿನ ಕೆಟ್ಟ ಫೈಲು ಬಂದೇ ಬರುತ್ತದೆ. ಹಾಗೆ ಬಂದ ಮೇಲಿನ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಷ್ಟ ದೊಡ್ಡದಾಗುವುದೂ ಚಿಕ್ಕದರಲ್ಲೇ ಮುಗಿಯುವುದೂ ಆ ಅರ್ಧ ಗಂಟೆಯ ಮೇಲೆ ನಿಂತಿರುವುದರಿಂದ ಈ ಬರಹವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

ಕೆಟ್ಟ ಫೈಲು ಹೇಗಿರುತ್ತದೆ ಎಂಬುದನ್ನು ಮೊದಲು ನೋಡೋಣ. 2000ನೇ ಇಸವಿಯ ಮೇ 4ರಂದು ಮನಿಲಾದಿಂದ ಹೊರಟ ‘ಐ ಲವ್ ಯು’ ವೈರಸ್ ಪ್ರೇಮಪತ್ರದ ಹೆಸರು ಹೊತ್ತ ಒಂದು ಅಟ್ಯಾಚ್‌ಮೆಂಟ್ ಆಗಿತ್ತು. ನೋಡುವವರ ಕಣ್ಣಿಗೆ ಅದರ ಹೆಸರು ಟಿಎಕ್ಸ್‌ಟಿ ಎಂದು ಕೊನೆಯಾಗುತ್ತಿತ್ತು, ಅಂದರೆ ಬರಿಯ ಅಕ್ಷರಗಳ ಕಡತ. ನಿಜದಲ್ಲಿ ಅದರಾಚೆಗೆ ವಿಬಿಎಸ್ ಎಂಬ ಇನ್ನೊಂದು ಬಾಲವಿತ್ತು, ಅಂದರೆ ಓಡುವ ಪ್ರೋಗ್ರಾಂ. ಪರಿಚಿತ ಫೈಲುಗಳ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆಮಾಡುತ್ತದೆ, ಆದ್ದರಿಂದ ಜನರಿಗೆ ಅದು ಕಾಣಲಿಲ್ಲ. ಕಾಲು ಶತಮಾನ ಕಳೆದರೂ ವಿಂಡೋಸ್‌ನ ಆ ಏರ್ಪಾಡು ಹಾಗೇ ಇದೆ, ಆ ಮೋಸವೂ ಹಾಗೇ ಇದೆ. ‘ಮಾರ್ಕ್ಸ್ ಕಾರ್ಡ್ ಪಿಡಿಎಫ್’ ಎಂದು ಕಾಣುವ ಫೈಲಿನ ಹಿಂದೆ ಇಎಕ್ಸ್‌ಇ ಅಡಗಿರಬಹುದು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ ಎಂಬ ಆಯ್ಕೆಗೆ ಗುರುತು ಹಾಕಿದರೆ ಈ ಬಾಲ ಸದಾ ಕಾಣುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ. ಫೈಲು ತೆರೆಯುವುದೇ ವೃತ್ತಿಯಾದ ಪ್ರತಿ ಕಂಪ್ಯೂಟರಿನಲ್ಲೂ ಇದನ್ನು ಇಂದೇ ಮಾಡಬೇಕು.

ಆಮೇಲೆ ಬಂದದ್ದು ವರ್ಡ್, ಎಕ್ಸೆಲ್ ಕಡತಗಳ ಒಳಗೆ ಮ್ಯಾಕ್ರೋ ಎಂಬ ಚಿಕ್ಕ ಪ್ರೋಗ್ರಾಂ ಅಡಗಿಸುವ ಕಾಲ. ಮೇಲ್ಗಡೆ ಹಳದಿ ಪಟ್ಟಿಯೊಂದು ಬಂದು ‘ಎನೇಬಲ್ ಕಂಟೆಂಟ್’ ಒತ್ತಿ ಎನ್ನುತ್ತಿತ್ತು, ಒತ್ತಿದ ಕೂಡಲೇ ಒಳಗಿದ್ದ ಪ್ರೋಗ್ರಾಂ ಎದ್ದು ಕೂರುತ್ತಿತ್ತು. 2022ರ ಜುಲೈ ಹೊತ್ತಿಗೆ ಮೈಕ್ರೋಸಾಫ್ಟ್ ಇಂಟರ್‌ನೆಟ್‌ನಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯತೊಡಗಿತು. ಕಳ್ಳರು ಕೂಡಲೇ ದಾರಿ ಬದಲಿಸಿದರು. ಐಎಸ್‌ಒ ಕಡತ, ಶಾರ್ಟ್‌ಕಟ್ ಕಡತ, 2023ರ ಆರಂಭದಲ್ಲಿ ಒನ್‌ನೋಟ್ ಕಡತ, ಜೊತೆಗೆ ಪಾಸ್‌ವರ್ಡ್ ಹಾಕಿದ ಜಿಪ್. ಈ ಕೊನೆಯದರ ಬಗ್ಗೆ ವಿಶೇಷ ಎಚ್ಚರ ಬೇಕು. ಜಿಪ್‌ಗೆ ಬೀಗ ಹಾಕುವುದು ಆ್ಯಂಟಿವೈರಸ್ ಒಳಗೆ ಇಣುಕದಿರಲಿ ಎಂದು. ಆದರೆ ನೀವು ಅದನ್ನು ತೆರೆಯಬೇಕಲ್ಲ, ಹಾಗಾಗಿ ಅದೇ ಪತ್ರದಲ್ಲಿ ಬೀಗದ ಕೈಯನ್ನೂ ಬರೆದು ಕಳಿಸುತ್ತಾರೆ. ನಮ್ಮ ಬ್ಯಾಂಕುಗಳೂ ಸ್ಟೇಟ್‌ಮೆಂಟನ್ನು ಪಾಸ್‌ವರ್ಡ್ ಹಾಕಿಯೇ ಕಳಿಸುವುದರಿಂದ ಜನರಿಗೆ ಇದು ಅಸಹಜ ಅನಿಸುವುದಿಲ್ಲ. ಆದರೆ ಬ್ಯಾಂಕು ನಿಮ್ಮ ಜನ್ಮದಿನಾಂಕ, ಹೆಸರಿನ ಮೊದಲ ಅಕ್ಷರ ಎಂದು ಸುಳಿವು ಕೊಡುತ್ತದೆಯೇ ಹೊರತು ಪಾಸ್‌ವರ್ಡನ್ನೇ ಪತ್ರದಲ್ಲಿ ಬರೆಯುವುದಿಲ್ಲ. ಬೀಗ, ಬೀಗದ ಕೈ ಎರಡೂ ಒಂದೇ ಪತ್ರದಲ್ಲಿ ಬಂದಿದ್ದರೆ ಅದನ್ನು ತೆರೆಯದಿರುವುದೇ ಸರಿ.

ಗೊತ್ತಿದ್ದವರಿಂದ ಬಂದದ್ದು ಎಂಬ ಭರವಸೆಯೂ ಈಗ ಉಳಿದಿಲ್ಲ. ಎಮೋಟೆಟ್ ಎಂಬ ಕುತಂತ್ರಾಂಶ ಒಬ್ಬರ ಅಂಚೆಪೆಟ್ಟಿಗೆಗೆ ನುಗ್ಗಿ, ಅಲ್ಲಿ ನಡೆಯುತ್ತಿದ್ದ ಹಳೆಯ ಪತ್ರವ್ಯವಹಾರವನ್ನು ಕದ್ದು, ಅದಕ್ಕೇ ಉತ್ತರವೆಂಬಂತೆ ಕೆಟ್ಟ ಅಟ್ಯಾಚ್‌ಮೆಂಟ್ ಕಳಿಸುತ್ತಿತ್ತು. ಹೋದ ವಾರ ನೀವೇ ಕೇಳಿದ್ದ ಕೊಟೇಷನ್ನಿಗೆ ಬಂದ ಉತ್ತರ ಎಂದು ನೀವು ನಂಬದೆ ಏನು ಮಾಡುತ್ತೀರಿ? ಹಲವು ದೇಶಗಳ ಪೊಲೀಸರು ಸೇರಿ 2021ರ ಜನವರಿಯಲ್ಲಿ ಅದರ ಜಾಲವನ್ನು ಮುರಿದರು, ಅದೇ ವರ್ಷದ ನವೆಂಬರ್‌ನಲ್ಲಿ ಅದು ಮತ್ತೆ ತಲೆ ಎತ್ತಿತು. ನಮ್ಮ ಊರಿನ ಉದಾಹರಣೆಯೂ ಇದೆ. 2019ರ ಏಪ್ರಿಲ್‌ನಲ್ಲಿ ಸರ್ಜಾಪುರ ರಸ್ತೆಯ ವಿಪ್ರೊ ಸಂಸ್ಥೆಯ ಕೆಲವು ಉದ್ಯೋಗಿಗಳ ಖಾತೆಗಳು ನಕಲಿ ಮೇಲ್ ಕಳಿಸಿ ವಂಚಿಸುವ ಫಿಶಿಂಗ್ ದಾಳಿಗೆ ತುತ್ತಾಗಿದ್ದವು. ಅಮೆರಿಕದ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಸುದ್ದಿ ಹೊರಗೆಡಹಿದ ಮೇಲೆ ಸಂಸ್ಥೆ ಅದನ್ನು ಒಪ್ಪಿಕೊಂಡಿತು. ವಿಪ್ರೊ ಮೂಲಕ ಅದರ ಗ್ರಾಹಕ ಕಂಪನಿಗಳನ್ನು ತಲುಪುವುದು ದಾಳಿಕೋರರ ಉದ್ದೇಶವಾಗಿತ್ತು ಎಂದು ಕ್ರೆಬ್ಸ್ ಬರೆದಿದ್ದರು. ಕಂಪ್ಯೂಟರ್ ಭದ್ರತೆಯನ್ನೇ ಸೇವೆಯಾಗಿ ಮಾರುವ, ಒಂದೂವರೆ ಲಕ್ಷಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಇದು ಆಗಬಹುದಾದರೆ, ಬ್ರಾಡ್‌ವೇ ರಸ್ತೆಯ ಡಿಟಿಪಿ ಅಂಗಡಿಯ ಹುಡುಗಿಯನ್ನು ‘ನಿನಗೆ ಬುದ್ಧಿ ಇರಲಿಲ್ಲವೇ’ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ವ್ಯಾಪಾರಿಗಳನ್ನು ಹೆಚ್ಚು ಹೆದರಿಸುವುದು ಆದಾಯ ತೆರಿಗೆಯ ನೋಟಿಸ್ ಎಂದು ಬರುವ ಮೇಲ್. ಭಯ ಹುಟ್ಟಿದ ಕೂಡಲೇ ಬೆರಳು ತಾನಾಗಿ ಒತ್ತಿಬಿಡುತ್ತದೆ. ಆದರೆ 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರಬೇಕೆಂಬ ನಿಯಮವಿದೆ. ಇಲಾಖೆಯ ಇ-ಫೈಲಿಂಗ್ ತಾಣದಲ್ಲಿ ಲಾಗಿನ್ ಕೂಡ ಆಗದೆ ಆ ಸಂಖ್ಯೆ ಅಸಲಿಯೋ ಅಲ್ಲವೋ ಎಂದು ನೋಡಬಹುದು. ಶಿವಾಜಿನಗರದವರಿಗಂತೂ ಕ್ವೀನ್ಸ್ ರಸ್ತೆಯ ಆದಾಯ ತೆರಿಗೆ ಕಚೇರಿ ನಡೆದು ಹೋಗುವಷ್ಟು ಹತ್ತಿರ. ಅಟ್ಯಾಚ್‌ಮೆಂಟ್ ತೆರೆಯುವ ಬದಲು ಅಲ್ಲಿಗೆ ಹೋಗಿ ಕೇಳಿದರೂ ಆಯಿತು.

ಇಷ್ಟಾದರೂ ಫೈಲು ತೆರೆದುಹೋಯಿತು ಎನ್ನಿ. ಆಗ ಕಾಣುವುದು ಏನು? ಹೆಚ್ಚಿನ ಸಲ ಏನೂ ಇಲ್ಲ. ಡಬಲ್ ಕ್ಲಿಕ್ ಮಾಡಿದಾಗ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗಬಹುದು, ಅಷ್ಟೆ. ‘ಓಪನ್ ಆಗ್ತಿಲ್ಲ ಸಾರ್, ಇನ್ನೊಂದ್ಸಲ ಕಳ್ಸಿ’ ಎಂದು ಕೆಲಸ ಮುಂದುವರಿಯುತ್ತದೆ. ತೆರೆಯಬೇಕಾದ ಫೈಲು ತೆರೆಯದೆ ಸುಮ್ಮನಾದದ್ದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಸುಳಿವು. ಫಾರ್ಮ್‌ಬುಕ್, ಏಜೆಂಟ್ ಟೆಸ್ಲಾ ಮುಂತಾದ ಕದಿಯುವ ತಂತ್ರಾಂಶಗಳು ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಬಾಚಿಕೊಂಡು ಹೊರಗೆ ಕಳಿಸುವುದೇ ಅವುಗಳ ಕೆಲಸ, ಅದಕ್ಕೆ ಕೆಲವೇ ನಿಮಿಷ ಸಾಕು. ಇನ್ನು ಕೆಲವು ತಿಂಗಳುಗಟ್ಟಲೆ ಸುಮ್ಮನಿರುತ್ತವೆ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಕಳುವಾಯಿತು. ಅದರ ತನಿಖೆ ನಡೆಸಿದ ಅಮೆರಿಕದ ಅಧಿಕಾರಿಗಳು ಜಾಡು ಹಿಡಿದು ಹಿಂದಕ್ಕೆ ಹೋದಾಗ, ಒಂದು ವರ್ಷ ಮೊದಲು ಕೆಲಸ ಕೇಳಿಕೊಂಡು ಬಂದ ಮೇಲ್ ಮತ್ತು ರೆಸ್ಯೂಮ್ ಇಳಿಸಿಕೊಳ್ಳಿ ಎಂದು ಅದರಲ್ಲಿದ್ದ ಕೊಂಡಿ ಸಿಕ್ಕಿದವು.

ಅನುಮಾನ ಬಂದ ಕ್ಷಣದಲ್ಲೇ ಆ ಕಂಪ್ಯೂಟರಿನ ಇಂಟರ್‌ನೆಟ್ ಕತ್ತರಿಸಬೇಕು. ಹಿಂದಿನ ನೆಟ್‌ವರ್ಕ್ ವೈರನ್ನು ಕೈಯಿಂದಲೇ ಕೀಳಿ, ವೈಫೈ ಆದರೆ ಆರಿಸಿ. ಕದ್ದದ್ದನ್ನು ಹೊರಗೆ ಕಳಿಸಲೂ ಹೊಸ ಆಜ್ಞೆ ಪಡೆಯಲೂ ಪಕ್ಕದ ಕಂಪ್ಯೂಟರಿಗೆ ದಾಟಲೂ ಅದಕ್ಕೆ ಆ ದಾರಿ ಬೇಕು. ಸಿಕ್ಕಿಸಿದ್ದ ಪೆನ್‌ಡ್ರೈವ್, ಬ್ಯಾಕಪ್ ಹಾರ್ಡ್‌ಡಿಸ್ಕ್ ತೆಗೆದುಬಿಡಿ. ತೆಗೆದ ಪೆನ್‌ಡ್ರೈವನ್ನು ಬೇರೆ ಯಂತ್ರಕ್ಕೆ ಸಿಕ್ಕಿಸಬೇಡಿ, ಗ್ರಾಹಕರದ್ದಾಗಿದ್ದರೆ ಅವರಿಗೂ ಎಚ್ಚರಿಕೆ ಹೇಳಿ ಕೊಡಿ. ಕಂಪ್ಯೂಟರನ್ನು ಆಫ್ ಮಾಡಬೇಕೇ ಎಂದು ಕೇಳುವವರಿದ್ದಾರೆ. ನೆಟ್ ಕಿತ್ತಿದ್ದರೆ ಅವಸರವಿಲ್ಲ, ಏಕೆಂದರೆ ಯಂತ್ರದ ನೆನಪಿನಲ್ಲಿರುವ ಸಾಕ್ಷ್ಯ ಆಫ್ ಮಾಡಿದಾಗ ಅಳಿಸಿಹೋಗುತ್ತದೆ. ಆದರೆ ಫೈಲುಗಳ ಹೆಸರುಗಳು ಕಣ್ಣೆದುರೇ ಒಂದೊಂದಾಗಿ ಬದಲಾಗುತ್ತಿದ್ದರೆ ಅದು ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್, ಉಳಿದ ಫೈಲುಗಳಿಗೂ ಬೀಗ ಹಾಕುತ್ತಿದೆ ಎಂದು ಅರ್ಥ. ಆಗ ಯೋಚಿಸದೆ ವಿದ್ಯುತ್ ಪ್ಲಗ್ ಕೀಳಿ. ಒಂದು ವ್ಯತ್ಯಾಸವನ್ನೂ ನೆನಪಿಡಿ. ಮೇಲ್ ಓದಿದ್ದಷ್ಟೇ ಆಗಿದ್ದು ಫೈಲು ತೆರೆದಿಲ್ಲವಾದರೆ ಸಾಮಾನ್ಯವಾಗಿ ಗಾಬರಿಗೆ ಕಾರಣವಿಲ್ಲ. ಪಿಡಿಎಫ್ ಒಳಗಿನ ಕೊಂಡಿ ಒತ್ತಿ ಒಂದು ಪುಟದಲ್ಲಿ ಪಾಸ್‌ವರ್ಡ್ ಬರೆದಿದ್ದರೆ ಬಹುಶಃ ಯಂತ್ರಕ್ಕೆ ಸೋಂಕು ತಗುಲಿಲ್ಲ, ಹೋದದ್ದು ಆ ಪಾಸ್‌ವರ್ಡ್. ಅದನ್ನು ಕೂಡಲೇ ಬದಲಿಸಬೇಕು.

ಎರಡನೆಯ ಕೆಲಸ ಪಾಸ್‌ವರ್ಡ್. ಇಲ್ಲಿ ಜನ ಸಾಮಾನ್ಯವಾಗಿ ಎಡವುವುದು ಸೋಂಕಿರುವ ಯಂತ್ರದಲ್ಲೇ ಕೂತು ಬದಲಿಸುವುದರಲ್ಲಿ. ಒತ್ತಿದ ಕೀಲಿಗಳನ್ನೆಲ್ಲ ಬರೆದುಕೊಳ್ಳುವ ತಂತ್ರಾಂಶ ಒಳಗಿದ್ದರೆ ಹೊಸ ಪಾಸ್‌ವರ್ಡೂ ಅದರ ಕೈಗೇ ಹೋಗುತ್ತದೆ. ನಿಮ್ಮ ಫೋನು ತೆಗೆದುಕೊಳ್ಳಿ, ಅಂಗಡಿಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಮಾಡಿ. ಮೊದಲು ಇಮೇಲ್, ಏಕೆಂದರೆ ಮಿಕ್ಕ ಖಾತೆಗಳನ್ನೆಲ್ಲ ಅದರ ಮೂಲಕವೇ ಕಿತ್ತುಕೊಳ್ಳಬಹುದು. ಆಮೇಲೆ ಬ್ಯಾಂಕು, ಜಿಎಸ್‌ಟಿ, ತೆರಿಗೆ ಖಾತೆ. ಪಾಸ್‌ವರ್ಡ್ ಬದಲಿಸಿ ಸುಮ್ಮನಾದರೂ ಸಾಲದು. ನೀವು ಒಮ್ಮೆ ಲಾಗಿನ್ ಆದ ಮೇಲೆ ಬ್ರೌಸರಿನಲ್ಲಿ ಕುಕಿ ಎಂಬ ಗುರುತು ಉಳಿಯುತ್ತದೆ. ವಸ್ತುಪ್ರದರ್ಶನದ ಬಾಗಿಲಲ್ಲಿ ಕೈಗೆ ಒತ್ತುವ ಮೊಹರಿನ ಹಾಗೆ, ಅದಿದ್ದವರನ್ನು ಮತ್ತೆ ಟಿಕೆಟ್ ಕೇಳುವುದಿಲ್ಲ. ಕಳ್ಳ ಆ ಕುಕಿಯನ್ನೇ ಎತ್ತಿಕೊಂಡು ಹೋದರೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆದ್ದರಿಂದ ಪ್ರತಿ ಖಾತೆಯ ಸೆಕ್ಯೂರಿಟಿ ಭಾಗಕ್ಕೆ ಹೋಗಿ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಅಂಗಡಿಯ ಕಂಪ್ಯೂಟರನ್ನು ತೆಗೆದುಹಾಕಬೇಕು. ಜಿಮೇಲ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ತಪ್ಪದೆ ನೋಡಿ. ಬ್ಯಾಂಕಿನಿಂದ ಬರುವ ಪತ್ರಗಳ ಪ್ರತಿಯನ್ನು ತನಗೆ ಕಳಿಸಿ, ಮೂಲವನ್ನು ನಿಮ್ಮ ಕಣ್ಣಿಗೆ ಬೀಳದಂತೆ ಅಡಗಿಸುವ ನಿಯಮವೊಂದನ್ನು ಕಳ್ಳ ಅಲ್ಲಿ ಬರೆದಿಟ್ಟು ಹೋಗಿರಬಹುದು. ಪಾಸ್‌ವರ್ಡ್ ಬದಲಿಸಿದರೆ ಆ ನಿಯಮ ಅಳಿಸಿಹೋಗುವುದಿಲ್ಲ.

ಆ ಯಂತ್ರದಲ್ಲಿ ನೆಟ್ ಬ್ಯಾಂಕಿಂಗ್ ಬಳಸಿದ್ದರೆ ಹಣ ಹೋಗುವವರೆಗೆ ಕಾಯಬಾರದು. ಬ್ಯಾಂಕಿಗೆ ಫೋನು ಮಾಡಿ ತಡೆ ಹಾಕಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. 2021ರಲ್ಲಿ 155260 ಎಂದು ಶುರುವಾಗಿ, ಮರುವರ್ಷ ಈ ಚಿಕ್ಕ ಸಂಖ್ಯೆಗೆ ಬದಲಾದ ರಾಷ್ಟ್ರೀಯ ಸಹಾಯವಾಣಿ ಇದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ದಾರಿಯಲ್ಲಿರುವ ಬ್ಯಾಂಕುಗಳಿಗೆ ಬೇಗ ಸುದ್ದಿ ಮುಟ್ಟಿಸಿ ಹಣವನ್ನು ಎಲ್ಲಿದೆಯೋ ಅಲ್ಲೇ ಹಿಡಿದಿಡುವುದಕ್ಕಾಗಿ ಆ ವ್ಯವಸ್ಥೆ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಪ್ರತಿ ವ್ಯಾಪಾರಿಯೂ ತಿಳಿದಿರಬೇಕು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಬೇರೆಲ್ಲೋ ಲೋಪವಾಗಿ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದವರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಹೊಣೆಗೆ ಮಿತಿಯಿದೆ. ಇನ್ನೊಂದು ಮಾತೂ ಅದರಲ್ಲಿದೆ. ಗ್ರಾಹಕನ ನಿರ್ಲಕ್ಷ್ಯದಿಂದಲೇ ನಷ್ಟವಾಗಿದ್ದರೂ, ಅವನು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೇ. ಹಾಗಾಗಿ ತಿಳಿಸಿದ ಹೊತ್ತು, ದೂರಿನ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ.

ಪೊಲೀಸರ ಬಳಿ ಹೋದರೆ ಏನಾಗುತ್ತದೆ ಎಂಬ ಅಪನಂಬಿಕೆ ನಮ್ಮ ಊರಿನಲ್ಲಿ ಆಳವಾಗಿದೆ. ಅದಕ್ಕೆ ಕಾರಣವೂ ಇತ್ತು. ದೇಶದ ಮೊದಲ ಸೈಬರ್ ಕ್ರೈಂ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ, ಅರಮನೆ ರಸ್ತೆಯ ಸಿಐಡಿ ಕಚೇರಿಯಲ್ಲಿ. ಹೀಗೆ ಮುಂದಿದ್ದ ಊರು 2019ರ ಹೊತ್ತಿಗೆ ದೂರುಗಳ ಭಾರಕ್ಕೆ ಕುಸಿದಿತ್ತು. ಆ ಒಂದೇ ವರ್ಷ ನಗರದಲ್ಲಿ 10,555 ಸೈಬರ್ ಅಪರಾಧಗಳು ದಾಖಲಾದವು. ಇಡೀ ರಾಜ್ಯದ ಲೆಕ್ಕ 12,020. ನಗರದ ಒಂದೇ ಸೈಬರ್ ಠಾಣೆಗೆ ಇಷ್ಟು ಪ್ರಕರಣ ಬರಬಹುದೆಂದು ತಂತ್ರಾಂಶ ಬರೆದವರು ಎಣಿಸಿರಲಿಲ್ಲ. ಎಫ್‌ಐಆರ್ ಸಂಖ್ಯೆಗೆ ನಾಲ್ಕೇ ಅಂಕಿಯ ಜಾಗ ಇದ್ದದ್ದರಿಂದ 9,999 ಮುಟ್ಟಿದ ಮೇಲೆ ಹೊಸ ದೂರು ದಾಖಲಿಸುವುದೇ ನಿಂತುಹೋಯಿತು. ಹಣ ಕಳೆದುಕೊಂಡು ಬಂದವರು ಬರಿಗೈಯಲ್ಲಿ ಮರಳಿದ ದಿನಗಳವು. ಮುಂದೆ ನಗರದ ಪೊಲೀಸ್ ವಿಭಾಗಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಸಿಇಎನ್ ಠಾಣೆಗಳು ಬಂದವು. ಈಗ ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು. ಬೇರೆಯವರ ಕಂಪ್ಯೂಟರಿಗೆ ವೈರಸ್ ಬಿಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಅಪರಾಧ, ಮೂರು ವರ್ಷದವರೆಗೆ ಜೈಲು. ಈ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ‘ಐ ಲವ್ ಯು’ ಹರಡಿದಾಗ ನಮ್ಮಲ್ಲೂ ಅದು ಇರಲಿಲ್ಲ. ಫಿಲಿಪ್ಪೀನ್ಸ್‌ನಲ್ಲೂ ಅಂಥ ಕಾನೂನು ಇಲ್ಲದ ಕಾರಣ ಅದನ್ನು ಬರೆದ ಯುವಕನಿಗೆ ಶಿಕ್ಷೆಯೇ ಆಗಲಿಲ್ಲ.

ದೂರಿಗೆ ಸಾಕ್ಷ್ಯ ಬೇಕು. ನಮ್ಮ ರಿಪೇರಿ ಅಂಗಡಿಗಳ ಅಭ್ಯಾಸವೇ ಅದಕ್ಕೆ ಅಡ್ಡ ಬರುತ್ತದೆ. ಕಂಪ್ಯೂಟರ್ ತಂದಿಟ್ಟ ಕೂಡಲೇ ‘ಫಾರ್ಮ್ಯಾಟ್ ಹೊಡೆದುಬಿಡ್ತೀನಿ ಬಿಡಿ’ ಎನ್ನುತ್ತಾರೆ. ಹೊಡೆದ ಮೇಲೆ ಯಾವ ಫೈಲು ಬಂತು, ಯಾವಾಗ ತೆರೆಯಿತು, ಏನು ಹೋಯಿತು ಎಂಬ ಜಾಡೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಮೊದಲು ಪರದೆಯ ಫೋಟೊ ತೆಗೆಯಿರಿ. ಆ ಮೇಲ್ ಅಳಿಸಬೇಡಿ, ಬೇರೆ ಸಾಧನದಲ್ಲಿ ಖಾತೆ ತೆರೆದು ಮೂಲ ರೂಪದಲ್ಲೇ ಇಳಿಸಿ ಇಟ್ಟುಕೊಳ್ಳಿ. ಬರಿದೇ ಫಾರ್ವರ್ಡ್ ಮಾಡಿದರೆ ಅದು ಎಲ್ಲಿಂದ ಬಂತೆಂದು ಹೇಳುವ ತಲೆಬರಹ ಉಳಿಯುವುದಿಲ್ಲ. ಫೈಲನ್ನು ವೈರಸ್‌ಟೋಟಲ್ ಎಂಬ ತಾಣಕ್ಕೆ ಹಾಕಿ ನೋಡುವ ಅಭ್ಯಾಸ ಹಲವರಿಗಿದೆ, ಒಳ್ಳೆಯದೇ. ಆದರೆ ಅಲ್ಲಿ ಹಾಕಿದ ಫೈಲು ಆ ತಾಣದ ಚಂದಾದಾರರ ಕೈಗೂ ಸಿಗಬಹುದು. ಗ್ರಾಹಕರ ಆಧಾರ್, ಆಸ್ಪತ್ರೆ ವರದಿಗಳನ್ನು ಅಲ್ಲಿ ಹಾಕಕೂಡದು.

ಇನ್ನು ಶುಚಿ ಮಾಡುವ ವಿಷಯ. ವಿಂಡೋಸ್‌ನೊಳಗೇ ಇರುವ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬ ಆಯ್ಕೆಯಿದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ಹುಡುಕುವುದರಿಂದ ಅಡಗಲು ಜಾಗ ಕಡಿಮೆ. 2017ರ ಫೆಬ್ರುವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಉಚಿತ ಉಪಕರಣಗಳನ್ನು ಕೊಡುತ್ತದೆ. ಅದನ್ನು ನಡೆಸುವ ಸರ್ಟ್-ಇನ್ ಸಂಸ್ಥೆಗೆ 1800 11 4949ಗೆ ಕರೆ ಮಾಡಿ ಘಟನೆಯನ್ನು ತಿಳಿಸಬಹುದು. ಕಂಪನಿಗಳು ಆರು ಗಂಟೆಯೊಳಗೆ ತಿಳಿಸಬೇಕೆಂದು ಆ ಸಂಸ್ಥೆ 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿದೆ. ಸ್ಕ್ಯಾನ್ ‘ಏನೂ ಸಿಗಲಿಲ್ಲ’ ಎಂದರೂ ಕೆಟ್ಟ ಫೈಲು ಓಡಿದ್ದು ಖಚಿತವಾಗಿದ್ದರೆ ನಾನು ಆ ಯಂತ್ರವನ್ನು ನಂಬುವುದಿಲ್ಲ. ಸಾಕ್ಷ್ಯ ತೆಗೆದಿಟ್ಟ ಮೇಲೆ, ದಾಖಲೆಗಳನ್ನಷ್ಟೇ ಪ್ರತಿ ಮಾಡಿಕೊಂಡು, ಪ್ರೋಗ್ರಾಂಗಳನ್ನು ಬಿಟ್ಟು, ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿದ ವಿಂಡೋಸನ್ನು ಹೊಸದಾಗಿ ಹಾಕಬೇಕು. ಅದರ ಮೇಲೆ ಮತ್ತೆ, ಹಣ ಕೊಡದೆ ತಂತ್ರಾಂಶ ಓಡಿಸುವ ಅದೇ ಕ್ರ್ಯಾಕ್, ಅದೇ ಆ್ಯಕ್ಟಿವೇಟರ್ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಆ್ಯಂಟಿವೈರಸ್ ಆರಿಸಿ ನನ್ನನ್ನು ಓಡಿಸು ಎಂದು ಕೇಳುವ ಯಾವುದೇ ತಂತ್ರಾಂಶವನ್ನು ವ್ಯಾಪಾರ ನಡೆಯುವ ಯಂತ್ರದೊಳಗೆ ಬಿಡಬಾರದು.

ಡಿಟಿಪಿ ಅಂಗಡಿಗಳಿಗೆ ಇಲ್ಲೊಂದು ನಿಜವಾದ ಕಷ್ಟವಿದೆ, ಅದನ್ನು ಹೊರಗಿನವರು ಅರಿಯುವುದಿಲ್ಲ. ಕನ್ನಡದ ಆಮಂತ್ರಣ ಪತ್ರಿಕೆ, ಕರಪತ್ರಗಳ ಹಳೆಯ ಕಡತಗಳು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿವೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅಕ್ಷರಗಳು ಯುನಿಕೋಡ್‌ಗೆ ಮುಂಚಿನ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ. ಇವು ಸಲೀಸಾಗಿ ಓಡಲಿ ಎಂದು ವಿಂಡೋಸ್ 7, ಕೆಲವೆಡೆ ಎಕ್ಸ್‌ಪಿ ಕೂಡ ಉಳಿದುಕೊಂಡಿವೆ. ಎಕ್ಸ್‌ಪಿಗೆ 2014ರಲ್ಲಿ, 7ಕ್ಕೆ 2020ರಲ್ಲಿ ಭದ್ರತಾ ತಿದ್ದುಪಡಿ ನಿಂತಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. 2017ರ ಮೇ 12ರಂದು ಜಗತ್ತನ್ನೇ ನಡುಗಿಸಿದ ವಾನಾಕ್ರೈ ಎಂಬ ಕುತಂತ್ರಾಂಶ ಮೇಲ್‌ಗೂ ಕಾಯಲಿಲ್ಲ, ತಿದ್ದುಪಡಿ ಹಾಕಿಕೊಳ್ಳದ ಯಂತ್ರಗಳನ್ನು ನೆಟ್‌ವರ್ಕ್ ಮೂಲಕವೇ ಹುಡುಕಿ ಹೊಕ್ಕಿತು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು. ಹಳೆಯ ಯಂತ್ರವನ್ನು ಬಿಸಾಡಿ ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಪೇಜ್‌ಮೇಕರ್ ಕೆಲಸ ಮಾತ್ರ ನಡೆಯಲಿ, ಇಂಟರ್‌ನೆಟ್ ವೈರ್ ಅದಕ್ಕೆ ಬೇಡ. ಗ್ರಾಹಕರ ಮೇಲ್ ತೆರೆಯಲು ಬೇರೊಂದು ಯಂತ್ರ, ಅದರಲ್ಲಿ ಅಡ್ಮಿನ್ ಅಧಿಕಾರವಿಲ್ಲದ ಖಾತೆ. ಬ್ಯಾಂಕಿನ ವ್ಯವಹಾರ ಈ ಎರಡರಲ್ಲೂ ಬೇಡ. ಇನ್ನೂ ಒಂದು ಸುಲಭ ದಾರಿಯಿದೆ. ಮೇಲ್‌ನಲ್ಲಿ ಬಂದ ಪಿಡಿಎಫ್, ವರ್ಡ್ ಕಡತಗಳನ್ನು ಇಳಿಸದೆ ಜಿಮೇಲ್ ಒಳಗಿನ ಮುನ್ನೋಟದಲ್ಲೇ ತೆರೆದು ಅಲ್ಲಿಂದಲೇ ಪ್ರಿಂಟ್ ಕೊಡಬಹುದು. ಆಗ ಕಡತ ತೆರೆದುಕೊಳ್ಳುವುದು ಗೂಗಲ್‌ನ ಯಂತ್ರದಲ್ಲಿ, ನಿಮ್ಮದರಲ್ಲಲ್ಲ.

ರ‍್ಯಾನ್ಸಮ್‌ವೇರ್ ಬೀಗ ಜಡಿದೇಬಿಟ್ಟರೆ ಹಣ ಕೊಡಬೇಡಿ. ಕೊಟ್ಟವರಿಗೆಲ್ಲ ಫೈಲು ವಾಪಸ್ ಸಿಕ್ಕಿಲ್ಲ, ಕೊಟ್ಟ ಹಣ ಮುಂದಿನ ದಾಳಿಗೆ ಬಂಡವಾಳವಾಗುತ್ತದೆ. 2016ರಲ್ಲಿ ಡಚ್ ಪೊಲೀಸರು, ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ಶುರು ಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಅನೇಕ ಬೀಗಗಳಿಗೆ ಕೀಲಿಗಳು ಉಚಿತವಾಗಿ ಸಿಗುತ್ತವೆ. ಇಂದು ಸಿಗದಿದ್ದರೂ ಬೀಗ ಬಿದ್ದ ಫೈಲುಗಳನ್ನು ಒಂದು ಡಿಸ್ಕಿನಲ್ಲಿ ಎತ್ತಿಡಿ. ಟೆಸ್ಲಾಕ್ರಿಪ್ಟ್ ಎಂಬ ಇಂಥದೇ ಪಿಡುಗಿನ ಕೀಲಿಯನ್ನು 2016ರ ಮೇ ತಿಂಗಳಲ್ಲಿ ಅದನ್ನು ನಡೆಸುತ್ತಿದ್ದವರೇ ಬಿಟ್ಟುಕೊಟ್ಟರು. ಆವರೆಗೆ ಫೈಲು ಉಳಿಸಿಕೊಂಡಿದ್ದವರಿಗೆ ಎಲ್ಲವೂ ಮರಳಿ ಬಂತು.

ಇಷ್ಟೆಲ್ಲ ಕ್ರಮಗಳೂ ನೀರುಪಾಲಾಗುವುದು ಒಂದೇ ಕಾರಣಕ್ಕೆ. ಫೈಲು ತೆರೆದ ಹುಡುಗಿ ಮಾಲೀಕರಿಗೆ ಹೇಳಲು ಹೆದರುತ್ತಾಳೆ. ಸಂಬಳ ಹಿಡಿಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂಬ ಭಯದಲ್ಲಿ ಆ ಮೇಲನ್ನು ತಾನೇ ಅಳಿಸಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಏನೂ ಆಗಲಿಲ್ಲವೆಂದು ತನಗೇ ಹೇಳಿಕೊಳ್ಳುತ್ತಾಳೆ. ಕಳ್ಳನಿಗೆ ಬೇಕಾದದ್ದೂ ಅದೇ ಮೌನ. ದೊಡ್ಡ ಕಂಪನಿಗಳಲ್ಲೂ ಗುಮಾಸ್ತರು ಇದೇ ಭಯದಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ, ಹಣ ಹೋದ ಮೇಲಷ್ಟೇ ವಿಷಯ ಹೊರಬರುತ್ತದೆ. ಆದ್ದರಿಂದ ಮಾಲೀಕರು ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು: ‘ಅನುಮಾನ ಬಂದರೆ ಮೊದಲು ವೈರ್ ಕಿತ್ತು ಆಮೇಲೆ ನನ್ನನ್ನು ಕೂಗು, ನಾನು ಬೈಯುವುದಿಲ್ಲ.’ ಹೇಳಿದಂತೆ ನಡೆದುಕೊಳ್ಳಲೂ ಬೇಕು. ಒಂದು ಸಲ ಬೈದರೆ ಎರಡನೆಯ ಸಲ ಯಾರೂ ಕೂಗುವುದಿಲ್ಲ. ಯಾವ ಆ್ಯಂಟಿವೈರಸ್ ಕೊಂಡರೂ ಈ ಒಂದು ಮಾತಿನಷ್ಟು ಬೇಗ ಸುದ್ದಿ ಮುಟ್ಟಿಸಲಾರದು.

ಕೊನೆಗೆ ಗ್ರಾಹಕರ ಕಾಗದಗಳ ಮಾತು. ಜೆರಾಕ್ಸ್ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ವರ್ಷಗಟ್ಟಲೆಯ ಆಧಾರ್, ಪಾನ್, ಪಾಸ್‌ಬುಕ್, ಅಂಕಪಟ್ಟಿ, ಬಾಡಿಗೆ ಕರಾರು ಸಿಗುತ್ತವೆ. ಬೇರೊಬ್ಬರ ಹೆಸರಿನಲ್ಲಿ ಸಾಲ ಎತ್ತಲು, ಸಿಮ್ ಪಡೆಯಲು ಕಳ್ಳನಿಗೆ ಬೇಕಾದದ್ದೆಲ್ಲ ಅಲ್ಲಿದೆ. ನಷ್ಟ ಅಂಗಡಿಯವರದ್ದಷ್ಟೇ ಅಲ್ಲ. ಪ್ರಿಂಟ್ ಮುಗಿದ ಫೈಲನ್ನು ಅಂದೇ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಬೇಕು. ಗ್ರಾಹಕರೂ ಕೌಂಟರಿನಲ್ಲಿ ನಿಂತು ‘ನನ್ನ ಫೈಲ್ ಅಳಿಸಿಬಿಡಿ’ ಎಂದು ಕೇಳಬೇಕು, ಕೇಳುವುದರಲ್ಲಿ ಸಂಕೋಚ ಬೇಡ. ಪೂರ್ತಿ ಆಧಾರ್ ಸಂಖ್ಯೆ ಬೇಡವಾದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. ಸೋಂಕು ತಗುಲಿದ ಯಂತ್ರದಲ್ಲಿ ಯಾರ ಕಾಗದಗಳಿದ್ದವೋ ಅವರಿಗೆ ಅಂಗಡಿಯವರು ಫೋನು ಮಾಡಿ ತಿಳಿಸಬೇಕು. ತಿಳಿದವರು ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು, ಸಂಚಾರ್ ಸಾಥಿ ತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಬಹುದು, ತಮ್ಮ ಕ್ರೆಡಿಟ್ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ತರಿಸಿ ತಾವು ಮಾಡದ ಸಾಲ ಅದರಲ್ಲಿದೆಯೇ ಎಂದು ಪರೀಕ್ಷಿಸಬಹುದು.